ತಾರಸಿಯ ಅಕ್ವಾಪೋನಿಕ್ ಟವರ್: ಮೀನಿನ ತೊಟ್ಟಿಯಿಂದ ಪುದೀನ, ಸ್ಟ್ರಾಬೆರಿವರೆಗೆ

ಮೀನು ಸಾಕಿದ ನೀರಿನಲ್ಲೇ, ಮಣ್ಣಿಲ್ಲದೆ, ನೆಟ್ಟಗೆ ನಿಲ್ಲಿಸಿದ ಪೈಪಿನಲ್ಲಿ ಗಿಡ ಬೆಳೆಸುವ ಅಕ್ವಾಪೋನಿಕ್ ಟವರ್ ಎಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಮೈತುಂಬ ಹಸಿರು ಹೊತ್ತು ನಿಂತ ಬಿಳಿ ಪೈಪುಗಳ ಮೇಲೆ. ದುಡ್ಡನ್ನೂ ಅಲ್ಲಿಗೇ ಸುರಿಯುತ್ತಾರೆ. ಆದರೆ ಕಟ್ಟಿದ್ದು ಉಳಿಯುತ್ತದೋ ಇಲ್ಲವೋ ಎಂಬುದು ಪೈಪಿನಲ್ಲಿ ತೀರ್ಮಾನವಾಗುವುದಿಲ್ಲ. ಮೀನಿನ ತೊಟ್ಟಿಗೂ ಪೈಪಿಗೂ ನಡುವೆ, ಯಾರೂ ಫೋಟೊ ತೆಗೆಯದ ಒಂದು ಡ್ರಮ್ಮು, ಒಂದಿಷ್ಟು ಜಲ್ಲಿ ಇರುತ್ತದಲ್ಲ, ಅಲ್ಲಿ ಆಗುತ್ತದೆ. ಅದಕ್ಕೇ ಈ ಬರಹದಲ್ಲಿ ಟವರ್ ತಡವಾಗಿ ಬರುತ್ತದೆ. ಬೆಂಗಳೂರಿನ ಒಂದು ತಾರಸಿ, ನಾಲ್ಕೈದು ಜನರ ಮನೆ, 500 ಲೀಟರಿನ ಮೀನಿನ ತೊಟ್ಟಿ, ನಾಲ್ಕು ಟವರ್: ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಕೊಟ್ಟಿದ್ದೇನೆ. ನಿಮ್ಮದು ದೊಡ್ಡದಾದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿಕೊಳ್ಳಿ.

ನೀರಿನೊಳಗೆ ನಡೆಯುವುದೇನು

ಮೀನು ತಿಂದ ಆಹಾರದ ಸಾರಜನಕದಲ್ಲಿ ಬಹುಪಾಲು ಅದರ ಕಿವಿರಿನ ಮೂಲಕ ಅಮೋನಿಯಾ ಆಗಿ ನೀರಿಗೆ ಸೇರುತ್ತದೆ. ಅಮೋನಿಯಾ ಮೀನಿಗೇ ವಿಷ. ಜಲ್ಲಿಯ ಮೈಗೆ ಅಂಟಿಕೊಂಡು ಬದುಕುವ ನೈಟ್ರೊಸೊಮೊನಾಸ್ ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಗುಂಪಿನವು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೇಟ್ ಗಿಡದ ಊಟ. ಗಿಡ ಅದನ್ನು ಹೀರಿಕೊಂಡ ಮೇಲೆ ನೀರು ಮತ್ತೆ ಮೀನಿನ ಬಳಿಗೆ ಬರುತ್ತದೆ.

ಈ ಮೂವರಿಗೂ ಒಂದೇ ನೀರು ಒಗ್ಗಬೇಕು. ಬ್ಯಾಕ್ಟೀರಿಯಾಗೆ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7ರಿಂದ 8 ಹಿತ, ಗಿಡಕ್ಕೆ 5.5ರಿಂದ 6.5. ಇಬ್ಬರಿಗೂ ನಡೆಯುವಂತೆ 6.8ರ ಆಸುಪಾಸಿನಲ್ಲಿ ನಿಲ್ಲಿಸುವುದು ರೂಢಿ. ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿಯಬಾರದು. ಅಮೋನಿಯಾ, ನೈಟ್ರೈಟ್ ಎರಡೂ 1 ಮಿಲಿಗ್ರಾಂ ದಾಟಬಾರದು.

ಮೊದಲು ತಾರಸಿಯ ತಾಕತ್ತು ನೋಡಿ

ಒಂದು ಲೀಟರ್ ನೀರು ಒಂದು ಕೆ.ಜಿ. ನಮ್ಮ ವ್ಯವಸ್ಥೆಯಲ್ಲಿ ಓಡಾಡುವ ನೀರು ಸುಮಾರು 750 ಲೀಟರ್, ಜಲ್ಲಿಯ ತೂಕ ಬೇರೆ. ಜನ ಓಡಾಡುವ ತಾರಸಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಹೊರೆ ಚದರ ಮೀಟರಿಗೆ 150 ಕೆ.ಜಿ.ಯಷ್ಟು. 500 ಲೀಟರಿನ ದುಂಡು ತೊಟ್ಟಿಯೊಂದು ಅದರ ಐದಾರು ಪಟ್ಟು ಭಾರವನ್ನು ಒಂದೇ ಜಾಗದಲ್ಲಿ ಊರುತ್ತದೆ. ಹಾಗಾಗಿ ತೊಟ್ಟಿಯನ್ನು ಸ್ಲ್ಯಾಬಿನ ನಡುವೆ ಇಡಲೇಬೇಡಿ. ಕೆಳಗೆ ಪಿಲ್ಲರ್ ಇರುವ ಮೂಲೆ, ಅಥವಾ ಬೀಮು ಹಾದುಹೋದ ಗೋಡೆಯ ಸಾಲು ಹುಡುಕಿ, ಬೀಮಿನಿಂದ ಬೀಮಿಗೆ ಕಬ್ಬಿಣದ ಚಾನೆಲ್ ಹಾಕಿಸಿ ಅದರ ಮೇಲೆ ಕೂರಿಸಿ. ಮನೆ ಕಟ್ಟಿದ ಎಂಜಿನಿಯರನ್ನು ಒಮ್ಮೆ ಕರೆಸಿ ತೋರಿಸುವುದಕ್ಕೆ ಆಗುವ ಖರ್ಚು ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಾರ್ಥಕವಾದದ್ದು. ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಮದ್ರಾಸ್ ತಾರಸಿಯ ಹಳೇ ಮನೆಯಾದರೆ ಆಸೆ ಬಿಡಿ; ಅಂಗಳದಲ್ಲೋ ಹಿತ್ತಲಲ್ಲೋ ಮಾಡಿ.

ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕು. ಆದರೆ ಆ ಬಿಸಿಲು ಟವರಿಗೆ, ತೊಟ್ಟಿಗಲ್ಲ. ತೊಟ್ಟಿಗೆ ನೆರಳು ಬೇಕು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ನಿಲ್ಲುವುದಿಲ್ಲ, ಮೇಲಾಗಿ ಪಾಚಿ ಕಟ್ಟುತ್ತದೆ.

ಸಾಮಾನು

ಬಣ್ಣದ, ಬೆಳಕು ತೂರದ 500 ಲೀಟರ್ ನೀರಿನ ಟ್ಯಾಂಕ್ ಒಂದು. 200 ಲೀಟರಿನ ನೀಲಿ ಡ್ರಮ್ಮು ಒಂದು. ಹಿಂದೆ ಅದರಲ್ಲಿ ಏನು ತುಂಬಿದ್ದರು ಎಂದು ಕೇಳಿ ತನ್ನಿ, ಕೀಟನಾಶಕವೋ ಬಣ್ಣವೋ ಆಗಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಜಲ್ಲಿಗೆ 150 ಲೀಟರ್ ಹಿಡಿಯುವ, ಒಂದಡಿ ಆಳದ ಅಗಲ ಟಬ್ಬು. ಕೆಳಗಿನ ಸಂಪಿಗೆ, ಅಂದರೆ ನೀರೆಲ್ಲ ಬಂದು ಸೇರುವ ತೊಟ್ಟಿಗೆ, ಇನ್ನೊಂದು 200 ಲೀಟರಿನ ಡ್ರಮ್ಮು. ಟವರಿಗೆ ಚರಂಡಿ ಕೆಲಸಕ್ಕೆ ಬರುವ 110 ಎಂಎಂ ಪಿವಿಸಿ ಪೈಪು. 75 ಎಂಎಂ ತಂದರೆ ಒಂದೇ ಪುದೀನದ ಬೇರು ಅದನ್ನು ಬಿರಟೆ ಹಾಕಿದ ಹಾಗೆ ಮುಚ್ಚಿಬಿಡುತ್ತದೆ. ನೀರು ಮೇಲಕ್ಕೆ ಒಯ್ಯಲು ಹನಿ ನೀರಾವರಿಯ 16 ಎಂಎಂ ಪೈಪು (ಲ್ಯಾಟರಲ್), ಅದರದೇ ಸಣ್ಣ ನಲ್ಲಿಗಳು. ಸಬ್‌ಮರ್ಸಿಬಲ್ ಪಂಪು, ಏರ್ ಪಂಪು, ಜಾಲರಿಯಂಥ ತೂತಿನ ಪುಟ್ಟ ಕುಂಡಗಳಾದ ನೆಟ್ ಪಾಟ್‌ಗಳು, ಹನಿ ಹಾಕಿ ಬಣ್ಣ ನೋಡುವ ನೀರಿನ ಪರೀಕ್ಷೆ ಕಿಟ್. ಬೆಂಗಳೂರಿನವರಿಗೆ ಪಂಪು, ಪೈಪು ಎಸ್.ಜೆ.ಪಿ. ರಸ್ತೆಯ ಸುತ್ತಮುತ್ತ ಸಿಗುತ್ತದೆ. ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ.

ಪಂಪು ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡಿ ಮೋಸಹೋಗಬೇಡಿ. ‘ಎಚ್ ಮ್ಯಾಕ್ಸ್ 2 ಮೀಟರ್’ ಎಂದರೆ 2 ಮೀಟರ್ ಎತ್ತರದಲ್ಲಿ ನೀರು ಬರುವುದೇ ನಿಲ್ಲುತ್ತದೆ ಎಂದರ್ಥ. ನಮಗೆ ಏಳಡಿ ಎತ್ತರದಲ್ಲಿ ಗಂಟೆಗೆ 500 ಲೀಟರಾದರೂ ಬೇಕು, ಅಂದರೆ ತೊಟ್ಟಿಯ ನೀರು ಗಂಟೆಗೊಮ್ಮೆ ಸುತ್ತು ಹೊಡೆಯಬೇಕು. ಕನಿಷ್ಠ 3 ಮೀಟರಿನ, ಗಂಟೆಗೆ 1500-2000 ಲೀಟರಿನ ಪಂಪು ನೋಡಿ. 40 ವ್ಯಾಟಿನದು ದಿನವಿಡೀ ಓಡಿದರೆ ಕರೆಂಟು ಸುಮಾರು ಒಂದು ಯೂನಿಟ್. ನೀರು, ಕರೆಂಟು ಒಟ್ಟಿಗೆ ಇರುವ ಜಾಗವಾದ್ದರಿಂದ ಆ ಲೈನಿಗೆ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಹಾಕಿಸದೆ ಸ್ವಿಚ್ ಒತ್ತಬೇಡಿ.

ಜಲ್ಲಿ ಎಂದರೆ ಕಟ್ಟಡದವರು ತರುವ 12ರಿಂದ 20 ಎಂಎಂ ಗ್ರಾನೈಟ್ ಜಲ್ಲಿಯೇ ಸಾಕು. ನಾಲ್ಕು ಕಲ್ಲು ಎತ್ತಿಕೊಂಡು ವಿನಿಗರ್ ಹಾಕಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣದ ಅಂಶವಿದೆ, ಪಿಎಚ್ ಕೆಳಗಿಳಿಯಲು ಬಿಡುವುದಿಲ್ಲ, ಬೇಡ. ಬರದಿದ್ದರೆ ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ. ಈ ಕೆಲಸಕ್ಕೆ ಅರ್ಧ ದಿನ ಮೀಸಲಿಡಿ.

ಜೋಡಣೆ: ಮೇಲಿನಿಂದ ಕೆಳಕ್ಕೆ

ಪಂಪು ಒಂದೇ ಇರಬೇಕು, ಮಿಕ್ಕದ್ದೆಲ್ಲ ತಾನಾಗಿ ಇಳಿದು ಬರಬೇಕು. ಮೀನಿನ ತೊಟ್ಟಿ ಎಲ್ಲಕ್ಕಿಂತ ಎತ್ತರ. ಅದರ ನೀರು ಡ್ರಮ್ಮಿಗೆ, ಡ್ರಮ್ಮಿನಿಂದ ಜಲ್ಲಿ ಟಬ್ಬಿಗೆ, ಟಬ್ಬಿನಿಂದ ಸಂಪಿಗೆ. ಸಂಪಿನಲ್ಲಿ ಪಂಪು. ಪಂಪಿನಿಂದ ಹೊರಟ ಪೈಪು ಎರಡಾಗಿ ಸೀಳಿ, ಒಂದು ಟವರುಗಳ ತಲೆಗೆ, ಇನ್ನೊಂದು ನೇರ ಮೀನಿನ ತೊಟ್ಟಿಗೆ. ಎರಡಕ್ಕೂ ಬಾಲ್ ವಾಲ್ವ್ ಇರಲಿ.

ಮೀನಿನ ತೊಟ್ಟಿಯಿಂದ ನೀರು ಹೊರಡುವ ರಂಧ್ರ ಮೇಲೆ ಇರಬೇಕು, ಆದರೆ ಅದು ಎಳೆಯುವ ನೀರು ತಳದ್ದಾಗಿರಬೇಕು. ಮೇಲಿನ ರಂಧ್ರಕ್ಕೆ ಒಳಗಡೆ ಒಂದು ಟಿ ಹಾಕಿ, ಅದರಿಂದ ಪೈಪನ್ನು ತಳಕ್ಕೆ ಎರಡು ಬೆರಳು ಜಾಗ ಬಿಟ್ಟು ಇಳಿಬಿಡಿ, ಟಿಯ ಮೇಲ್ಬಾಯಿ ತೆರೆದೇ ಇರಲಿ. ತಳದಲ್ಲಿ ಕೂತ ಮಲ, ಉಳಿದ ಆಹಾರ ಇದರಲ್ಲಿ ಏರಿ ಹೊರಹೋಗುತ್ತದೆ. ಎಲ್ಲಿಯೋ ಪೈಪು ಬಿಚ್ಚಿಕೊಂಡರೂ ರಂಧ್ರದ ಮಟ್ಟದವರೆಗೆ ನೀರು ತೊಟ್ಟಿಯಲ್ಲಿ ಉಳಿಯುತ್ತದೆ, ಮೀನು ಬದುಕಿರುತ್ತವೆ.

ಇನ್ನು ಡ್ರಮ್ಮು. ನೀರು ಅದರೊಳಗೆ ನಡುಮಟ್ಟದಲ್ಲಿ, ಗೋಡೆಗೆ ಸವರಿಕೊಂಡು ಒಂದು ಎಲ್ಬೋ ಮೂಲಕ ಬರಬೇಕು. ಆಗ ಡ್ರಮ್ಮಿನ ನೀರೆಲ್ಲ ನಿಧಾನವಾಗಿ ಗರಗರ ಸುತ್ತುತ್ತದೆ, ಭಾರದ ಗಸಿ ನಡುವೆ ಸೇರಿ ತಳಕ್ಕೆ ಇಳಿಯುತ್ತದೆ, ತಿಳಿ ನೀರು ಮೇಲಿನ ಪೈಪಿನಿಂದ ಮುಂದೆ ಹೋಗುತ್ತದೆ. ಗಂಟೆಗೆ 500 ಲೀಟರ್ ಹರಿದರೆ ನೀರು ಇಪ್ಪತ್ತು ನಿಮಿಷದಷ್ಟು ಹೊತ್ತು ಇಲ್ಲಿ ಇರುತ್ತದೆ, ಗಸಿ ಇಳಿಯಲು ಅಷ್ಟು ಸಾಕು. ತಳಕ್ಕೆ ಒಂದಿಂಚಿನ ವಾಲ್ವ್ ಕಡ್ಡಾಯ. ಎರಡು ಮೂರು ದಿನಕ್ಕೊಮ್ಮೆ ಅದನ್ನು ತೆರೆದರೆ ಮೊದಲು ಕಾಫಿ ಡಿಕಾಕ್ಷನ್ ಬಣ್ಣದ ನೀರು ಧುಮುಕುತ್ತದೆ. ತಿಳಿಯಾದ ಕೂಡಲೇ ಮುಚ್ಚಿ. ಆ ಗಸಿ ಕುಂಡದ ಕರಿಬೇವಿಗೆ, ಗುಲಾಬಿಗೆ ಒಳ್ಳೆಯ ಗೊಬ್ಬರ.

ಟವರುಗಳಿಗೆ ಈ ಡ್ರಮ್ಮು ಯಾಕೆ ಇಷ್ಟು ಮುಖ್ಯ? ಜಲ್ಲಿ ತುಂಬಿದ ಮಡಿಯಲ್ಲಿ ಗಿಡ ಬೆಳೆಸುವವರಿಗೆ ಜಲ್ಲಿಯೇ ಫಿಲ್ಟರು. ನೀರಿನ ಮೇಲೆ ತೇಲುವ ಹಲಗೆಯಲ್ಲಿ ಬೆಳೆಸುವವರಿಗೆ ಅಡಿಯಲ್ಲಿ ನೀರಿನ ದಾಸ್ತಾನು ಇರುತ್ತದೆ. ಟವರಿನಲ್ಲಿ ಎರಡೂ ಇಲ್ಲ. ಪೈಪಿನ ಒಳಗೋಡೆಯಲ್ಲಿ ತೆಳ್ಳಗೆ ಇಳಿಯುವ ನೀರಿನಲ್ಲಿ ಬರಿಯ ಬೇರು ಜೋತಾಡುತ್ತಿರುತ್ತದೆ. ಗಸಿ ಬಂದು ಬೇರಿಗೆ ಮೆತ್ತಿಕೊಂಡರೆ ಉಸಿರುಕಟ್ಟಿ ಕೊಳೆಯುತ್ತದೆ, ಕಂದು ಲೋಳೆಯ ವಾಸನೆ ಹೊಡೆಯುತ್ತದೆ. ಮಾರುಕಟ್ಟೆಯ ಎಷ್ಟೋ ರೆಡಿ ಕಿಟ್‌ಗಳಲ್ಲಿ ಮೀನಿನ ತೊಟ್ಟಿಯ ಮೇಲೆಯೇ ನೇರವಾಗಿ ಟವರ್ ನಿಲ್ಲಿಸಿರುತ್ತಾರೆ. ನೋಡಲು ಚೆಂದ. ನಾಲ್ಕು ಗಪ್ಪಿ ಮೀನಿಗಾದರೆ ನಡೆಯುತ್ತದೆ, ಅಡುಗೆಮನೆಗೆ ಸೊಪ್ಪು ಬೇಕೆಂದರೆ ನಡೆಯದು.

ಜಲ್ಲಿ ಟಬ್ಬಿನಲ್ಲಿ ಬ್ಯಾಕ್ಟೀರಿಯಾದ ಸಂಸಾರ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲಿ, ಜಲ್ಲಿಯ ಮೇಲ್ಪದರ ಎರಡಿಂಚು ಒಣಗಿರಲಿ. ಬೆಲ್ ಸೈಫನ್ ಹಾಕಿ ನೀರು ಏರಿಳಿಯುವಂತೆ ಮಾಡುವವರಿದ್ದಾರೆ. ಆರಂಭದಲ್ಲಿ ಆ ತಲೆನೋವು ಬೇಡ. ಒಂದು ಹಿಡಿ ಎರೆಹುಳು ಬಿಟ್ಟರೆ ತಪ್ಪಿಸಿಕೊಂಡು ಬಂದ ಗಸಿಯನ್ನು ಅವು ತಿಂದು ಪುಡಿಮಾಡುತ್ತವೆ.

ಸಂಪನ್ನು ತುಂಬಿಸಿಡಬೇಡಿ. ಕರೆಂಟು ಹೋದಾಗ ಟವರು, ಪೈಪು, ಟಬ್ಬುಗಳಲ್ಲಿದ್ದ ಹೆಚ್ಚುವರಿ ನೀರೆಲ್ಲ ಅಲ್ಲಿಗೇ ಇಳಿದು ಬರುತ್ತದೆ. ಪಂಪು ನಿಲ್ಲಿಸಿ, ನೀರು ಎಲ್ಲಿಗೆ ಏರುತ್ತದೆ ನೋಡಿ ಒಂದು ಗುರುತು ಹಾಕಿಕೊಳ್ಳಿ.

ಟವರ್ ಕಟ್ಟುವುದು

110 ಎಂಎಂ ಪೈಪನ್ನು ಐದೂವರೆ ಅಡಿಗೆ ಕತ್ತರಿಸಿ. ಕೆಳಗಿನಿಂದ ಒಂದಡಿ ಬಿಟ್ಟು, ಅಲ್ಲಿಂದ 18-20 ಸೆಂ.ಮೀ.ಗೊಂದರಂತೆ ಗುರುತು ಹಾಕಿ. ಒಂದು ಗುರುತು ಮುಂದೆ, ಮುಂದಿನದು ಮೂರನೇ ಒಂದು ಭಾಗ ತಿರುಗಿಸಿ ಬಲಕ್ಕೆ, ಅದರ ಮೇಲಿನದು ಎಡಕ್ಕೆ. ಹೀಗೆ ಏಣಿ ಸುತ್ತಿದಂತೆ ಗಿಡ ನೆಡುವ ಏಳು ಬಾಯಿಗಳು. ಪ್ರತಿ ಗುರುತಿನಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಕ್ಕೆ 11-12 ಸೆಂ.ಮೀ. ಉದ್ದದ ಸೀಳು ಹಾಕಿ, ಪೈಪಿನ ಸುತ್ತಳತೆಯ ಮೂರನೇ ಒಂದು ಭಾಗ ಅದು.

ಹೀಟ್ ಗನ್ನಿನಿಂದ ಸೀಳಿನ ಕೆಳಭಾಗವನ್ನು ಅಂಗೈ ಅಗಲದಷ್ಟು ಬಿಸಿಮಾಡಿ. ಗನ್ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಪೈಪು ಚರ್ಮದ ಹಾಗೆ ಮೆತ್ತಗಾದಾಗ ಒಂದು ಗಾಜಿನ ಬಾಟಲಿಯ ಕತ್ತನ್ನೋ ಮೊನಚು ಮಾಡಿದ ಮರದ ತುಂಡನ್ನೋ ಓರೆಯಾಗಿ ಸೀಳಿಗೆ ತೂರಿಸಿ, ಕೆಳತುಟಿಯನ್ನು ಹೊರಕ್ಕೂ ಮೇಲ್ತುಟಿಯನ್ನು ಸ್ವಲ್ಪ ಒಳಕ್ಕೂ ಒತ್ತಿ ಹಿಡಿಯಿರಿ, ಒದ್ದೆ ಬಟ್ಟೆ ಒತ್ತಿದರೆ ಅರ್ಧ ನಿಮಿಷದಲ್ಲಿ ಆಕಾರ ನಿಲ್ಲುತ್ತದೆ. ಮೇಲ್ತುಟಿ ಒಳಕ್ಕೆ ಹೋಗುವುದು ಅಲಂಕಾರಕ್ಕಲ್ಲ: ಗೋಡೆಯಗುಂಟ ಇಳಿಯುವ ನೀರು ಅದರ ಮೇಲಿಂದ ಜಾರಿ ಒಳಗೇ ಬೀಳುತ್ತದೆ, ಬಾಯಿಂದ ಹೊರಗೆ ತೊಟ್ಟಿಕ್ಕುವುದಿಲ್ಲ. ಪಿವಿಸಿ ಕಂದಿದರೆ ಬರುವ ಹೊಗೆ ಒಳ್ಳೆಯದಲ್ಲ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡಿ, ಬಣ್ಣ ಬದಲಾಗುವ ಮೊದಲೇ ಗನ್ ಸರಿಸಿ.

ತಲೆಗೆ ಎಂಡ್ ಕ್ಯಾಪ್ ಮಗುಚಿ ಕೂರಿಸಿ, ತಟ್ಟೆಯಂತಾದ ಅದರ ಅಂಚಿನ ಸುತ್ತ 4 ಎಂಎಂನ ಐದಾರು ತೂತು. ಹನಿ ನೀರಾವರಿಯ ಡ್ರಿಪ್ಪರ್ ಹಾಕಬೇಡಿ, ಮೀನಿನ ನೀರಿಗೆ ಅವು ವಾರದಲ್ಲೇ ಕಟ್ಟಿಕೊಳ್ಳುತ್ತವೆ. ಒಳಗೆ ತಲೆಯಿಂದ ಬುಡದವರೆಗೆ ಶೇಡ್ ನೆಟ್ಟಿನ ಎರಡು ಪಟ್ಟಿ ಇಳಿಬಿಟ್ಟರೆ ನೀರು ಅದನ್ನು ಹಿಡಿದುಕೊಂಡು ಇಳಿಯುತ್ತದೆ, ಎಳೆ ಬೇರಿಗೆ ಆಸರೆಯೂ ಆಗುತ್ತದೆ. ಪ್ರತಿ ಟವರಿಗೆ ನಿಮಿಷಕ್ಕೆ ಅರ್ಧದಿಂದ ಒಂದು ಲೀಟರ್ ಬರುವಂತೆ ನಲ್ಲಿ ತಿರುಗಿಸಿ. ಒಂದು ಚೊಂಬು ಹಿಡಿದು, ಗಡಿಯಾರ ನೋಡಿ ಅಳೆಯಿರಿ. ಬುಡದ ನೀರು ಉದ್ದಕ್ಕೆ ಸೀಳಿದ 160 ಎಂಎಂ ಪೈಪಿನ ದೋಣಿಗೆ ಬಿದ್ದು ಸಂಪಿಗೆ ಹೋಗಲಿ.

ಟವರುಗಳ ಸಾಲು ಉತ್ತರ-ದಕ್ಷಿಣವಾಗಿರಲಿ. ಬೆಳಗಿನ ಬಿಸಿಲು ಒಂದು ಮೈಗೆ, ಮಧ್ಯಾಹ್ನದ್ದು ಇನ್ನೊಂದಕ್ಕೆ. ಎರಡರ ನಡುವೆ ಎರಡಡಿ ಬಿಡಿ. ಜಿಐ ಪೈಪಿನ ಚೌಕಟ್ಟಿಗೆ ಮೇಲೆ, ನಡುವೆ ಎರಡು ಕಡೆ ಕ್ಲ್ಯಾಂಪ್ ಹಾಕಿ, ಚೌಕಟ್ಟನ್ನು ಪ್ಯಾರಪೆಟ್ಟಿಗೆ ಬಿಗಿಯಿರಿ. ಆಷಾಢದ ಗಾಳಿಗೆ ಹಸಿರು ತುಂಬಿದ ಟವರು ಹಾಯಿಯಂತೆ ವರ್ತಿಸುತ್ತದೆ. ಮೂರನೇ ಮಹಡಿಯಿಂದ ಕೆಳಗೆ ಬಿದ್ದರೆ ನಷ್ಟ ಪುದೀನದ್ದಲ್ಲ.

ನೀರು

ಕಾವೇರಿ ನೀರಾದರೆ ಕ್ಲೋರಿನ್ ಹೋಗಬೇಕು: ಬಾಯಿ ತೆರೆದ ಡ್ರಮ್ಮಿನಲ್ಲಿ ಏರ್ ಪಂಪಿನ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್ ಹಾಕಿ ಒಂದು ದಿನ ಬಿಡಿ. ಬೋರ್‌ವೆಲ್ ನೀರು ಗಡಸು. ಪಿಎಚ್ 8ರ ಹತ್ತಿರ ಹಟ ಹಿಡಿದು ನಿಲ್ಲುತ್ತದೆ, ಗಿಡಕ್ಕೆ ಕಬ್ಬಿಣ ದಕ್ಕುವುದಿಲ್ಲ. ಅದಕ್ಕೆ ಅರ್ಧದಷ್ಟು ಮಳೆನೀರು ಬೆರೆಸುವುದು ಸುಲಭದ ದಾರಿ. ಮಳೆನೀರು ಕೊಯ್ಲಿನ ತೊಟ್ಟಿ ಮನೆಯಲ್ಲಿದ್ದರೆ ಅದರ ನಿಜವಾದ ಉಪಯೋಗ ಇಲ್ಲಿದೆ. ಬರೀ ಮಳೆನೀರೂ ಸರಿಯಲ್ಲ, ಅದರಲ್ಲಿ ಪಿಎಚ್ ಹಿಡಿದಿಡುವ ಕ್ಷಾರ ಇರುವುದಿಲ್ಲ.

ಮೀನಿಲ್ಲದ ತಿಂಗಳು

ನೀರು ಸುತ್ತಲು ಶುರುವಾದ ಮೇಲೆ ನಾಲ್ಕರಿಂದ ಆರು ವಾರ ಬ್ಯಾಕ್ಟೀರಿಯಾಗೆ ಬಿಟ್ಟುಕೊಡಿ. ಅವುಗಳಿಗೆ ಊಟವಾಗಿ ಅಮೋನಿಯಂ ಕ್ಲೋರೈಡ್, ಅಂದರೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ. ಕಲಾಯಿ ಅಂಗಡಿಯದ್ದು ಬೇಡ, ಲ್ಯಾಬ್ ಸಾಮಾನು ಮಾರುವವರಲ್ಲಿ ಶುದ್ಧವಾದದ್ದು ತನ್ನಿ. 750 ಲೀಟರಿಗೆ 6 ಗ್ರಾಂ ಹಾಕಿದರೆ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿಗೆ ಬರುತ್ತದೆ. ನಡೆಯುತ್ತಿರುವ ಅಕ್ವೇರಿಯಂನ ಫಿಲ್ಟರಿನಿಂದ ಒಂದು ಹಿಡಿ ಜಲ್ಲಿಯೋ ಸ್ಪಂಜೋ ತಂದು ನಿಮ್ಮ ಟಬ್ಬಿಗೆ ಹಾಕಿ, ಹಾಲಿಗೆ ಹೆಪ್ಪು ಹಾಕಿದಂತೆ.

ಮೊದಲು ಅಮೋನಿಯಾ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಇಳಿಯುತ್ತ ನೈಟ್ರೈಟ್ ಏರುತ್ತದೆ. ಕೊನೆಗೆ ನೈಟ್ರೈಟ್ ಬಿದ್ದು ನೈಟ್ರೇಟ್ ಕಾಣಿಸುತ್ತದೆ. ಹಾಕಿದ 6 ಗ್ರಾಂ ಒಂದೇ ದಿನದಲ್ಲಿ ಮಾಯವಾಗಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯ ಹತ್ತಿರ ತೋರಿಸಿದ ದಿನ ಮೀನು ತರಬಹುದು. ಅದಕ್ಕೆ ಮುಂಚೆ ತಂದರೆ ಅವುಗಳ ಸಾವನ್ನು ದಿನಾ ಬೆಳಗ್ಗೆ ನೋಡಬೇಕಾಗುತ್ತದೆ.

ಯಾವ ಮೀನು, ಎಷ್ಟು

ಸಸ್ಯಾಹಾರಿ ಮನೆಯಾದರೆ ಗೋಲ್ಡ್ ಫಿಶ್. ಮೀನು ತಿನ್ನುವ ಮನೆಯಾದರೂ ಮೊದಲ ವರ್ಷ ನನ್ನ ಮತ ಗೋಲ್ಡ್ ಫಿಶ್‌ಗೇ. ಗಟ್ಟಿ ಜೀವ, ಬೆಂಗಳೂರಿನ ಡಿಸೆಂಬರ್ ಚಳಿ ತಡೆಯುತ್ತದೆ. ಕೋಯಿ ಚೆಂದ, ಆದರೆ ಒಂದಡಿಗೂ ಮೀರಿ ಬೆಳೆಯುತ್ತದೆ. ತಿನ್ನಲು ಬೇಕಾದರೆ ಸಾಮಾನ್ಯ ಗೆಂಡೆ ನೋಡಬಹುದು. ಕಾಟ್ಲಾ, ರೋಹು ಕೆರೆಯ ಮೀನು; 500 ಲೀಟರಿನಲ್ಲಿ ಅವನ್ನು ಕೂಡಿಹಾಕುವುದು ಬೇಡ. ತಿಲಾಪಿಯಾ ಅಕ್ವಾಪೋನಿಕ್ಸ್‌ಗೆ ಪ್ರಪಂಚದಲ್ಲೆಲ್ಲ ಹೆಸರಾದ ಮೀನಾದರೂ ನಮ್ಮಲ್ಲಿ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧಿತ, ಯಾರು ಕೊಟ್ಟರೂ ತರಬೇಡಿ. ಯಾವ ಮೀನೇ ಆಗಲಿ, ಸಾಕಾಯಿತೆಂದು ಹತ್ತಿರದ ಕೆರೆಗೆ ಬಿಡಬೇಡಿ.

ಲೆಕ್ಕ ಶುರುವಾಗುವುದು ಮೀನಿನ ಸಂಖ್ಯೆಯಿಂದಲ್ಲ, ದಿನಕ್ಕೆ ಹಾಕುವ ಆಹಾರದಿಂದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಬೆಳೆಗಾರರಿಗಾಗಿ ಕೊಟ್ಟ ಪ್ರಮಾಣ ಹೀಗಿದೆ: ಸೊಪ್ಪಿನ ಗಿಡಗಳಿರುವ ಪ್ರತಿ ಚದರ ಮೀಟರಿಗೆ ದಿನಕ್ಕೆ 40-50 ಗ್ರಾಂ ಮೀನಿನ ಆಹಾರ, ಹಣ್ಣು ಬಿಡುವವಕ್ಕೆ 50-80 ಗ್ರಾಂ. ಒಂದು ಚದರ ಮೀಟರಿನಲ್ಲಿ ಸೊಪ್ಪಿನ ಗಿಡ 20-25 ಹಿಡಿಸುತ್ತವೆ, ಟೊಮೆಟೊದಂಥವು ನಾಲ್ಕು ಮಾತ್ರ. ಭಾಗಿಸಿ ನೋಡಿ. ಒಂದು ಪುದೀನಕ್ಕೆ 2 ಗ್ರಾಂ, ಒಂದು ಟೊಮೆಟೊಗೆ 12ರಿಂದ 20 ಗ್ರಾಂ! ಅಂದರೆ ಒಂದು ಟೊಮೆಟೊ ಗಿಡ ಆರರಿಂದ ಹತ್ತು ಪುದೀನದ ಊಟ ಉಣ್ಣುತ್ತದೆ. ಟವರಿನ ತುಂಬ ಟೊಮೆಟೊ ತೋರಿಸುವ ಜಾಹೀರಾತು ಕಂಡಾಗ ಈ ಭಾಗಾಕಾರ ನೆನಪಿರಲಿ.

ನಮ್ಮ ನಾಲ್ಕು ಟವರಿನ 28 ಬಾಯಿಗೆ 56 ಗ್ರಾಂ, ಹೋಗಲಿ 60 ಎನ್ನಿ. ಬೆಳೆದ ಮೀನು ದಿನಕ್ಕೆ ತನ್ನ ತೂಕದ ಶೇ. 2ರಷ್ಟು ತಿನ್ನುತ್ತದೆ, ಹಾಗಾಗಿ 3 ಕೆ.ಜಿ. ಮೀನು, ಅಂದರೆ 100 ಗ್ರಾಂ ತೂಗುವ ಮೂವತ್ತು. 500 ಲೀಟರಿಗೆ ಇದು ಇಕ್ಕಟ್ಟಲ್ಲ. ಆದರೆ ನೀವು ತರುವ ಮರಿ 10 ಗ್ರಾಮಿನವು. ಮೂವತ್ತು ಮರಿ ಸೇರಿ 300 ಗ್ರಾಂ, ಶೇ. 5ರಂತೆ ತಿಂದರೂ 15 ಗ್ರಾಂ. ಅಷ್ಟರಲ್ಲಿ ಏಳು ಗಿಡ ಸಾಕಬಹುದು, ಒಂದು ಟವರು. ಮೀನು ಬೆಳೆದಂತೆ ಎರಡನೆಯದು, ಮೂರನೆಯದು ತುಂಬಿ. ಮೊದಲ ದಿನವೇ ನಾಲ್ಕನ್ನೂ ತುಂಬಿದರೆ ಎಲ್ಲ ಗಿಡವೂ ಅರೆಹೊಟ್ಟೆಯಲ್ಲಿ ಹಳದಿಯಾಗುತ್ತವೆ, ಆಗ ಜನ ಅವಸರಪಟ್ಟು ಮೀನಿಗೆ ಹೆಚ್ಚು ಆಹಾರ ಸುರಿಯುತ್ತಾರೆ, ಅದು ಕೊಳೆತು ಅಮೋನಿಯಾ ಏರುತ್ತದೆ.

ತೇಲುವ, ಶೇ. 28-32 ಪ್ರೋಟೀನಿನ ಗುಳಿಗೆ ಆಹಾರ ದಿನಕ್ಕೆ ಎರಡು ಸಲ. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಬಲೆಯಿಂದ ತೆಗೆಯಿರಿ. ತೊಟ್ಟಿಗೆ ಮೇಲೆ ಬಲೆ ಬೇಕೇ ಬೇಕು: ಬೆಕ್ಕು, ಮಿಂಚುಳ್ಳಿ, ಹೊರಕ್ಕೆ ಜಿಗಿಯುವ ಮೀನು, ಎಲ್ಲಕ್ಕೂ.

ಕರೆಂಟು ಹೋದರೆ? ಏರ್ ಪಂಪನ್ನು ಇನ್ವರ್ಟರ್ ಲೈನಿಗೆ ಹಾಕಿ, ಅಥವಾ ಬ್ಯಾಟರಿಯದ್ದೊಂದು ಇಡಿ. ಇದರಲ್ಲಿ ಚೌಕಾಸಿ ಬೇಡ. ಮೀನಿಗಷ್ಟೇ ಅಲ್ಲ, ಟವರಿಗೂ ಇದೇ ದೊಡ್ಡ ದೌರ್ಬಲ್ಯ. ಏಪ್ರಿಲ್ ಮಧ್ಯಾಹ್ನ ಎರಡು ಗಂಟೆ ನೀರು ನಿಂತರೆ ಬೇರು ಒಣಗಿ ಎಲೆ ಜೋತುಬೀಳುತ್ತದೆ. ಸಾಧ್ಯವಾದರೆ ನೀರಿನ ಪಂಪನ್ನೂ ಇನ್ವರ್ಟರಿಗೇ ಕೊಡಿ.

ಯಾವ ಬಾಯಿಗೆ ಯಾವ ಗಿಡ

ಟವರಿನ ತಲೆಗೆ ಬಿಸಿಲು ಹೆಚ್ಚು, ಬುಡಕ್ಕೆ ನೆರಳು, ತೇವ ಹೆಚ್ಚು. ಇದನ್ನು ನೋಡಿಕೊಂಡು ನೆಡಿ.

ಪುದೀನ ಯಾವಾಗಲೂ ಕಟ್ಟಕಡೆಯ ಬಾಯಿಗೆ. ಅದರ ಬೇರು ಗಡ್ಡದಂತೆ ಇಳಿದು ಪೈಪು ತುಂಬುತ್ತದೆ. ಮೇಲೆ ನೆಟ್ಟರೆ ಕೆಳಗಿನವರಿಗೆಲ್ಲ ನೀರು ಕಟ್ಟಾಗುತ್ತದೆ. ತರಕಾರಿಯವರಿಂದ ತಂದ ಕಟ್ಟಿನ ದಪ್ಪ ಕಡ್ಡಿಗಳನ್ನು ಲೋಟದ ನೀರಿನಲ್ಲಿಟ್ಟು, ಬೇರು ಬಂದ ಮೇಲೆ ಪುಟ್ಟ ಸ್ಪಂಜಿನ ತುಂಡು ಸುತ್ತಿ ನೆಟ್ ಪಾಟಿಗೆ ಇಳಿಸಿ. ಅದರ ಮೇಲಿನ ಬಾಯಿಗೆ ಒಂದೆಲಗ. ಗದ್ದೆ ಬದುವಿನ ಈ ಗಿಡಕ್ಕೆ ಸದಾ ಒದ್ದೆ ಬೇರೆಂದರೆ ಹಬ್ಬ, ತಂಬುಳಿ ಮಾಡುವ ಮನೆಗೆ ಟವರಿನಿಂದ ಸಿಗುವ ನಿಜವಾದ ಲಾಭ ಇದು. ಅಂಗಡಿಯಲ್ಲಿ ಸಿಗುವ ತುಳಸಿ, ಪುದೀನದಂತೆ ಇದು ದಿನಾ ಸಿಗುವುದಿಲ್ಲ. ನಡುವೆ ಕಾಮಕಸ್ತೂರಿ, ಸಬ್ಬಸಿಗೆ, ಪಾರ್ಸ್ಲಿ. ಕಾಮಕಸ್ತೂರಿಯ ತುದಿಯನ್ನು ಹೂ ಬರುವ ಮೊದಲೇ ಎರಡು ಜೋಡಿ ಎಲೆ ಬಿಟ್ಟು ಚಿವುಟುತ್ತಿದ್ದರೆ ಪೊದೆಯಾಗುತ್ತದೆ. ಕೊತ್ತಂಬರಿಗೆ ಬೇರು ಕದಲಿಸಿದರೆ ಆಗದು. ನೆಟ್ ಪಾಟಿನ ಸ್ಪಂಜಿನಲ್ಲೇ ನಾಲ್ಕೈದು ಒಡೆದ ಬೀಜ ಬಿತ್ತಿ. ಬೇಸಿಗೆಯಲ್ಲಿ ಅದು ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ಆಗ ಬಿಟ್ಟುಬಿಡಿ. ದೊಡ್ಡಪತ್ರೆ ಎಲ್ಲಿ ನೆಟ್ಟರೂ ಬರುತ್ತದೆ, ಆದರೆ ಕುಂಡದಲ್ಲೂ ಬರುತ್ತದಲ್ಲ, ಟವರಿನ ಜಾಗ ಯಾಕೆ ಹಾಳುಮಾಡುವುದು? ರೋಸ್ಮರಿ ಒಣನೆಲದ ಗಿಡ, ಅದಕ್ಕೂ ಮಣ್ಣೇ ಸರಿ.

ತಲೆಯ ಎರಡು ಮೂರು ಬಾಯಿ ಸ್ಟ್ರಾಬೆರಿಗೆ. ಹಣ್ಣುಗಳಲ್ಲಿ ಟವರಿಗಾಗಿಯೇ ಹುಟ್ಟಿದಂಥದ್ದು ಇದೊಂದೇ: ಗಿಡ ಗಿಡ್ಡ, ಹಣ್ಣು ಜೋತುಬಿದ್ದರೂ ಮಣ್ಣು ತಾಗದು. ಮಹಾಬಲೇಶ್ವರದ ಕಡೆ ಬೆಳೆಯುವ ವಿಂಟರ್ ಡಾನ್, ಸ್ವೀಟ್ ಚಾರ್ಲಿ, ಕ್ಯಾಮರೋಸಾ ತಳಿಯ ಸಸಿ ಸೆಪ್ಟೆಂಬರ್ ಕೊನೆಗೆ ನರ್ಸರಿಗಳಿಗೆ ಬರುತ್ತದೆ. ಬೇರಿನ ಮಣ್ಣನ್ನು ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ಪೂರ್ತಿ ಬಿಡಿಸಿ, ಕಪ್ಪಾದ ಬೇರು ಕತ್ತರಿಸಿ. ನೆಡುವಾಗ ಎಲೆ ಹೊರಡುವ ಆ ಗಿಡ್ಡ ಕಾಂಡ ನೀರಿಗೆ ಸೋಕದಂತೆ ಬಾಯಿಯ ಅಂಚಿಗಿಂತ ಮೇಲೇ ಇರಲಿ. ಅದು ನೆನೆದರೆ ಗಿಡ ಕೊಳೆಯುತ್ತದೆ. ಮೊದಲು ಬಂದ ಹೂಗಳನ್ನು ಕಿತ್ತುಹಾಕಿ; ಗಿಡದಿಂದ ಹೊರಟು ಹರಡುವ ಓಟಬಳ್ಳಿಗಳನ್ನೂ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಣ್ಣು. ಜೇನು ಬರದ ತಾರಸಿಯಾದರೆ ಮೆತ್ತನೆ ಬ್ರಷ್ಷಿನಿಂದ ಹೂವಿನ ನಡುವನ್ನು ಸುತ್ತ ಸವರಿ. ಒಂದು ಬದಿ ಬಿಟ್ಟುಹೋದರೆ ಹಣ್ಣು ಆ ಬದಿಗೆ ಸೊಟ್ಟಗಾಗುತ್ತದೆ. ಕೆಂಪಾಗುವ ಮುನ್ನಾದಿನ ಪಿಕಳಾರ ಬರುತ್ತದೆ, ಬಲೆಯ ಚೀಲ ಕಟ್ಟಿ.

ಒಂದು ತೊಡಕಿದೆ. ಸ್ಟ್ರಾಬೆರಿ ಗಿಡ ಹೆಚ್ಚು ಉಣ್ಣುವ ಕಾಲಕ್ಕೇ ಚಳಿಗೆ ಮೀನಿನ ಹಸಿವು ಕುಗ್ಗುತ್ತದೆ, ಬ್ಯಾಕ್ಟೀರಿಯಾವೂ ಮಂಕಾಗುತ್ತವೆ. ಹಾಗಾಗಿ ಮಳೆಗಾಲದಲ್ಲೇ ಮೀನನ್ನು ಚೆನ್ನಾಗಿ ಬೆಳೆಸಿ, ಅಕ್ಟೋಬರಿಗೆ ನೈಟ್ರೇಟ್ ಲೀಟರಿಗೆ 40-60 ಮಿಲಿಗ್ರಾಂ ಇರುವಂತೆ ದಾಸ್ತಾನು ಮಾಡಿಕೊಳ್ಳಿ. ಚಳಿಯಲ್ಲಿ ರಾತ್ರಿ ತೊಟ್ಟಿಗೆ ಹೊದಿಕೆ ಹಾಕಿ.

ಚೆರ್ರಿ ಟೊಮೆಟೊ, ಮೆಣಸಿನಕಾಯಿ ಬೇಕೇ ಬೇಕೆಂದರೆ ಟವರಿಗಲ್ಲ, ಜಲ್ಲಿ ಟಬ್ಬಿಗೆ ನೆಡಿ, ಎರಡೇ ಗಿಡ. ಬಸಳೆಯನ್ನೂ ಅಲ್ಲೇ ನೆಟ್ಟು ಚೌಕಟ್ಟಿಗೆ ಹಬ್ಬಿಸಬಹುದು.

ಗಿಡ ಹೇಳುವುದನ್ನು ಓದುವುದು

ಹೊಸ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣ ಸಾಲದು. ಮೀನಿನ ಆಹಾರದಲ್ಲಿ ಗಿಡಕ್ಕೆ ಬೇಕಾದಷ್ಟು ಇರುವುದಿಲ್ಲ. ಶೇ. 6 ಕಬ್ಬಿಣದ ಇಡಿಡಿಎಚ್‌ಎ ಚೀಲೇಟ್ (ಕಬ್ಬಿಣ ನೀರಿನಲ್ಲಿ ಕರಗಿಯೇ ಇರುವಂತೆ ಹಿಡಿದಿಡುವ ಗೊಬ್ಬರ) 25 ಗ್ರಾಂ 750 ಲೀಟರಿಗೆ, ಮೂರು ವಾರಕ್ಕೊಮ್ಮೆ. ನೀರು ಕೆಂಪಾಗುತ್ತದೆ, ಮೀನಿಗೇನೂ ಆಗದು. ಇಡಿಟಿಎ ಅಗ್ಗ, ಆದರೆ ಪಿಎಚ್ 6.5 ದಾಟಿದರೆ ಕೆಲಸಕ್ಕೆ ಬಾರದು.

ಹಳೇ ಎಲೆಯ ಅಂಚು ಸುಟ್ಟಂತಾದರೆ, ಹಣ್ಣು ಸಪ್ಪೆಯಾದರೆ ಪೊಟ್ಯಾಷ್ ಕೊರತೆ. ಗೊಬ್ಬರದಂಗಡಿಯ ಸಲ್ಫೇಟ್ ಆಫ್ ಪೊಟ್ಯಾಷ್ 30 ಗ್ರಾಂ ಬಕೆಟ್ಟಿನಲ್ಲಿ ಕರಗಿಸಿ ಸಂಪಿಗೆ ಹಾಕಿ. ಮ್ಯೂರಿಯೇಟ್ ಬೇಡ, ಅದರಲ್ಲಿ ಕ್ಲೋರೈಡ್.

ಬ್ಯಾಕ್ಟೀರಿಯಾದ ಕೆಲಸದಿಂದ ಪಿಎಚ್ ನಿಧಾನ ಇಳಿಯುತ್ತ ಹೋಗುತ್ತದೆ. 6.4ಕ್ಕೆ ಬಂದಾಗ ಒಂದು ವಾರ ಪೊಟ್ಯಾಸಿಯಂ ಬೈಕಾರ್ಬನೇಟ್, ಮುಂದಿನ ವಾರ ಚಿಟಿಕೆ ಸುಣ್ಣ, ಹೀಗೆ ಅದಲುಬದಲು. ಪೊಟ್ಯಾಷ್, ಕ್ಯಾಲ್ಸಿಯಂ ಎರಡೂ ಸಿಕ್ಕಂತಾಯಿತು. ಒಂದು ದಿನಕ್ಕೆ 0.2ಕ್ಕಿಂತ ಹೆಚ್ಚು ಏರಿಸಬೇಡಿ. ಬೋರ್‌ವೆಲ್ ನೀರಿನವರಿಗೆ ಈ ಕೆಲಸ ಬೀಳುವುದು ಅಪರೂಪ.

ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆಮ್ಲಜನಕ ಸಾಲುತ್ತಿಲ್ಲ: ಏರ್ ಸ್ಟೋನ್ ಕಟ್ಟಿದೆಯೋ, ಡ್ರಮ್ಮಿನಲ್ಲಿ ಗಸಿ ತುಂಬಿದೆಯೋ ನೋಡಿ. ಹಗಲಲ್ಲೂ ಹಾಗೇ ಇದ್ದರೆ ನೈಟ್ರೈಟ್ ಪರೀಕ್ಷಿಸಿ, ಆಹಾರ ನಿಲ್ಲಿಸಿ, ಕಾಲುಭಾಗ ನೀರು ಬದಲಿಸಿ.

ಕೀಟಕ್ಕೆ ಸಿಂಪಡಣೆ ಎಂದರೆ ಮೀನಿಗೆ ಸಿಂಪಡಣೆ. ಬೇವಿನೆಣ್ಣೆ, ಸೋಪಿನ ನೀರು, ತಾಮ್ರದ ಶಿಲೀಂಧ್ರನಾಶಕ ಯಾವುದೂ ಬೇಡ, ‘ಸಾವಯವ’ ಎಂದು ಬರೆದಿದ್ದರೂ. ಸಸ್ಯಹೇನಿಗೆ ನೀರಿನ ಚಿಮ್ಮು, ಕಂಬಳಿಹುಳುವಿಗೆ ಕೈ; ಮಿತಿಮೀರಿದರೆ ಬಿಟಿ (ಬ್ಯಾಸಿಲಸ್ ಥುರಿಂಜಿಯೆನ್ಸಿಸ್) ಬ್ಯಾಕ್ಟೀರಿಯಾದ ಪುಡಿ. ಹಾಗೆಯೇ ಕಾಯಿಲೆ ಬಿದ್ದ ಮೀನಿಗೆ ಔಷಧ, ಉಪ್ಪು ಕೊಡುವುದಿದ್ದರೆ ಬೇರೆ ಟಬ್ಬಿನಲ್ಲಿ. ಆಂಟಿಬಯಾಟಿಕ್ ಈ ನೀರಿಗೆ ಬಿದ್ದರೆ ಫಿಲ್ಟರಿನ ಸಂಸಾರವೇ ನಾಶ. ಹಸಿಯಾಗಿ ತಿನ್ನುವ ಸೊಪ್ಪನ್ನು ಕುಡಿಯುವ ನೀರಿನಲ್ಲಿ ತೊಳೆದೇ ತಿನ್ನಿ. ತಾರಸಿಯಲ್ಲಿ ಹಲ್ಲಿ, ಪಾರಿವಾಳಗಳೂ ಇರುತ್ತವೆ.

ಮಾರ್ಚ್ ಬಂದಾಗ

ಬಿಸಿಲೇರಿದಂತೆ ಟವರಿನ ಮೇಲೆ ಶೇ. 50ರ ಹಸಿರು ನೆರಳುಬಲೆ ಎಳೆಯಿರಿ, ದಿನಾ ಆರಿಹೋದಷ್ಟು ನೀರು ತುಂಬಿಸಿ. ಸ್ಟ್ರಾಬೆರಿಯ ಕೊನೆಯ ಹಣ್ಣು ಕಿತ್ತ ಮೇಲೆ ಓಟಬಳ್ಳಿಗಳನ್ನು ಕೀಳುವುದು ನಿಲ್ಲಿಸಿ. ಗಂಟಿನಲ್ಲಿ ಬೇರು ಮೂಡಿದ ಮರಿಗಳನ್ನು ಕೋಕೋಪೀಟ್ ಕುಂಡದಲ್ಲಿ ಊರಿ, ಮನೆಯ ಪೂರ್ವದ ನೆರಳಿನಲ್ಲಿ ಸೆಪ್ಟೆಂಬರ್‌ವರೆಗೆ ಉಳಿಸಿ. ಎಲ್ಲವೂ ಉಳಿಯುವುದಿಲ್ಲ, ಅರ್ಧ ಉಳಿದರೂ ಮುಂದಿನ ಸಲ ಸಸಿಯ ಖರ್ಚು ಅಷ್ಟು ಕಡಿಮೆ. ಖಾಲಿಯಾದ ಟವರನ್ನು ಕ್ಲ್ಯಾಂಪಿನಿಂದ ಬಿಚ್ಚಿ, ಬೇರಿನ ಕಂತೆ ಎಳೆದು ತೆಗೆದು, ಉದ್ದ ಕೋಲಿಗೆ ಗೋಣಿ ಸುತ್ತಿ ಒಳಮೈ ಉಜ್ಜಿ, ಬರೀ ನೀರಿನಲ್ಲಿ ತೊಳೆಯಿರಿ. ಬ್ಲೀಚಿಂಗ್ ಪೌಡರ್ ಬೇಡ. ಮೇಲಿನ ಬಾಯಿಗಳಿಗೆ ಕಾಮಕಸ್ತೂರಿ ನೆಟ್ಟು ಮತ್ತೆ ನಿಲ್ಲಿಸಿ. ಒಂದು ದಿನಕ್ಕೆ ಒಂದೇ ಟವರ್ ಬಿಚ್ಚಿ, ಮಿಕ್ಕ ಮೂರರಲ್ಲಿ ನೀರು ಹರಿಯುತ್ತಿರಲಿ.